ಹುಲ್ಲು ಮಲಗಿದ ಮೇಲೆ ಕಂಡದ್ದು

ಮೊದಲ ವರ್ಷದ ಚಳಿಗಾಲದಲ್ಲಿ, ಇನ್ನೂ ಬದುಕಿದ್ದ ಹುಲ್ಲಿಗೆ ನಾನು ಗುಂಡಿ ತೋಡಲು ಹೊರಟಿದ್ದೆ. ಬೇಸಿಗೆಯಿಡೀ ಕಣ್ಣಿಗೆ ತಂಪೆರೆದಿದ್ದ ಮನೆ ಮುಂದಿನ ಲಾನು ತಿಂಗಳೊಪ್ಪತ್ತಿನಲ್ಲಿ ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ನೀರು ಸಾಲದು ಅಂದುಕೊಂಡೆ. ಬೆಳಿಗ್ಗೆ ಬಿಟ್ಟೆ, ಸಂಜೆ ಬಿಟ್ಟೆ, ರಾತ್ರಿ ಊಟ ಮುಗಿಸಿ ಪೈಪು ಹಿಡಿದು ಮತ್ತೊಮ್ಮೆ ಬಿಟ್ಟೆ. ಬಣ್ಣ ಬದಲಾಗಲಿಲ್ಲ. ತಗ್ಗಿದ್ದ ಮೂಲೆಯಲ್ಲಿ ಪಾಚಿ ಕಟ್ಟಿತು, ಅಷ್ಟೇ. ಕೊನೆಗೊಂದು ಭಾನುವಾರ ತಲೆಕೆಟ್ಟು ಗುದ್ದಲಿ ತಂದೆ. ಎಲ್ಲ ಕಿತ್ತು ಹಾಕಿ ವಸಂತದಲ್ಲಿ ಹೊಸದಾಗಿ ಹಾಕಿಸಿದರಾಯಿತು ಎನ್ನುವ ಲೆಕ್ಕ.

ಗುದ್ದಲಿ ಹಾಕುವ ಮುಂಚೆ ಒಂದು ಹಿಡಿ ಹುಲ್ಲನ್ನು ಕೈಯಿಂದಲೇ ಕಿತ್ತು ನೋಡೋಣ ಅನ್ನಿಸಿತು. ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಒಣಗಿದ ಎಲೆಗಳು ಕೈಗೆ ಬಂದವೇ ಹೊರತು ಬುಡ ಜಗ್ಗಲಿಲ್ಲ. ಸತ್ತದ್ದು ಇಷ್ಟು ಗಟ್ಟಿಯಾಗಿ ನೆಲ ಹಿಡಿದುಕೊಂಡಿರುತ್ತದೆಯೇ? ಮಂಡಿಯೂರಿ ಕೂತು ಒಂದು ಬುಡವನ್ನು ಬಿಡಿಸಿದೆ. ಮೇಲಿನ ಒಣ ಪೊರೆ ಸುಲಿದು, ಎಲೆ ಹುಟ್ಟುವ ಜಾಗದಲ್ಲಿನ ಗಂಟನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿದರೆ ಒಳಗೆ ಕೆನೆಯ ಬಣ್ಣ, ಮುಟ್ಟಿದರೆ ಪಸೆ. ಮಣ್ಣಿನೊಳಗೆ ಹರಿದಿದ್ದ ಬೇರಿನಂಥ ಕಾಂಡ ಬೆಳ್ಳಗೆ, ಮುರಿದರೆ ಟಪ್ ಅನ್ನುವಷ್ಟು ಗಟ್ಟಿ. ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ.

ಅಂದಿನಿಂದ ಪ್ರತಿ ಚಳಿಗಾಲ ಈ ಪರೀಕ್ಷೆ ಮಾಡುತ್ತೇನೆ. ಎಳೆದರೆ ಸಲೀಸಾಗಿ ಕೈಗೆ ಬಂದು, ಬುಡದ ಗಂಟು ಕಂದಾಗಿ ಮೆತ್ತಗಾಗಿದ್ದರೆ ಅದು ಹೋಯಿತು. ಗಂಟು ಬಿಳುಪಾಗಿ ಗಟ್ಟಿಯಿದ್ದರೆ ಮೇಲೆ ಏನೇ ಬಣ್ಣವಿರಲಿ, ಹುಲ್ಲು ಮಲಗಿದೆ. ಇನ್ನೂ ಅನುಮಾನವಿದ್ದರೆ ಅಂಗೈಯಗಲ ಹುಲ್ಲನ್ನು ಮಣ್ಣುಸಮೇತ ಕತ್ತರಿಸಿ, ಡಬ್ಬವೊಂದಕ್ಕೆ ಹಾಕಿ, ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಹದವಾಗಿ ನೀರುಣಿಸಬೇಕು. ಎರಡು ಮೂರು ವಾರದಲ್ಲಿ ಸೂಜಿಮೊನೆಯಂಥ ಹಸಿರು ಕಂಡರೆ ಹೊರಗಿರುವುದೂ ಬದುಕಿದೆ ಅಂತ ಲೆಕ್ಕ.

ನನ್ನ ಅಂಗಳದಲ್ಲಿರುವುದು ಗರಿಕೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಸೈನೊಡಾನ್ ಡಾಕ್ಟಿಲಾನ್, ಲಾನಿನವರ ಬಾಯಲ್ಲಿ ಬರ್ಮುಡಾ. ಇದು ಬಿಸಿಲಿನ ಕೂಸು. 27 ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಇದಕ್ಕೆ ಹಬ್ಬ. ಮಣ್ಣು 10 ಡಿಗ್ರಿಯ ಆಸುಪಾಸಿಗೆ ಇಳಿಯಿತೆಂದರೆ ಅಂಗಡಿ ಮುಚ್ಚುತ್ತದೆ. ಚಳಿಯಲ್ಲಿ ಪತ್ರಹರಿತ್ತು ಒಡೆಯುವ ವೇಗಕ್ಕೆ ಹೊಸದನ್ನು ತಯಾರಿಸಲು ಗಿಡಕ್ಕೆ ಆಗುವುದಿಲ್ಲ, ಹಾಗಾಗಿ ಹಸಿರು ಹೋಗುತ್ತದೆ. ಬೇಸಿಗೆಯಲ್ಲಿ ದುಡಿದ ಪಿಷ್ಟವೆಲ್ಲ ಆಗಲೇ ಬುಡಕ್ಕೆ, ನೆಲದಡಿಯ ಕಾಂಡಕ್ಕೆ ಜಮೆಯಾಗಿರುತ್ತದೆ. ನಾವು ಮೇಲೆ ನೋಡುವ ಕಂದು ಎಲೆಗಳು ಖಾಲಿ ಮಾಡಿ ಹೋದ ಮನೆಯ ಕಿಟಕಿಗಳಿದ್ದಂತೆ. ಜೋಯ್ಸಿಯಾ, ಸೇಂಟ್ ಆಗಸ್ಟೀನ್ ಹುಲ್ಲುಗಳದ್ದೂ ಹೆಚ್ಚುಕಮ್ಮಿ ಇದೇ ಜಾತಕ. ಸೇಂಟ್ ಆಗಸ್ಟೀನ್ ಮಾತ್ರ ಸ್ವಲ್ಪ ಪಾಪದ್ದು, ಅದಕ್ಕೆ ನೆಲದಡಿಯ ಕಾಂಡವಿಲ್ಲ, ಇರುವುದೆಲ್ಲ ಮಣ್ಣಿನ ಮೇಲೆಯೇ ಹರಿದಿರುತ್ತದೆ. ಕೊರೆಯುವ ಚಳಿ ಬಿದ್ದರೆ ಅಡಗಿಕೊಳ್ಳಲು ಜಾಗವಿಲ್ಲ.

ಇಷ್ಟು ತಿಳಿದ ಮೇಲಾದರೂ ಸುಮ್ಮನಿರಬೇಕಿತ್ತಲ್ಲ. ಎರಡನೇ ವರ್ಷ ಇನ್ನೊಂದು ಎಡವಟ್ಟು ಮಾಡಿದೆ.

ನನ್ನ ತಂಗಿ ಇರುವುದು ಹಿಮ ಬೀಳುವ ಕಡೆ. ಅವಳ ಲಾನು ಚಳಿಗಾಲದ ಹೊಸ್ತಿಲಲ್ಲೂ ಕಡು ಹಸಿರು. ಫೋನಿನಲ್ಲಿ ಫೋಟೊ ಕಳಿಸಿ ಹೊಟ್ಟೆ ಉರಿಸುತ್ತಿದ್ದಳು. ಗುಟ್ಟೇನೆಂದು ಕೇಳಿದೆ. ಚಳಿಗೆ ಮುಂಚೆ ಸಾರಜನಕದ ಗೊಬ್ಬರ ಕೊಡುತ್ತೇನೆ ಅಂದಳು. ನಾನೂ ಕೊಟ್ಟೆ. ಹತ್ತು ದಿನದಲ್ಲಿ ನನ್ನ ಗರಿಕೆ ಎಳೆ ಮಗುವಿನ ಕೂದಲಿನ ಹಾಗೆ ಮೃದುವಾಗಿ ಚಿಗುರಿತು. ಫೋಟೊ ತೆಗೆದು ತಂಗಿಗೆ ಕಳಿಸಿದೆ. ಮರುವಾರ ಮೊದಲ ಹಿಮಮಣಿ, ಅಂದರೆ ಎಲೆಯ ಮೇಲೆ ಹೆಪ್ಪುಗಟ್ಟುವ ತೇವ, ಬಿದ್ದ ರಾತ್ರಿ ಆ ಚಿಗುರೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಿಟ್ಟು ಮಲಗಿತು. ಆ ಫೋಟೊ ಕಳಿಸಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ಅವಳ ಅಂಗಳದಲ್ಲಿರುವುದು ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್. ಎರಡೂ ತಂಪು ಹವೆಯ ಹುಲ್ಲುಗಳು, 15 ರಿಂದ 24 ಡಿಗ್ರಿಯಲ್ಲಿ ಚಿಗುರುವಂಥವು. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ವಿಧಾನದಲ್ಲೇ ಇವಕ್ಕೂ ಗರಿಕೆಗೂ ವ್ಯತ್ಯಾಸವಿದೆ. ವಿಜ್ಞಾನದವರು ಅವನ್ನು ಸಿ3 ಅಂತಲೂ ಗರಿಕೆಯಂಥದ್ದನ್ನು ಸಿ4 ಅಂತಲೂ ಕರೆಯುತ್ತಾರೆ. ಅವಳ ಹುಲ್ಲಿಗೆ ಶರತ್ಕಾಲದ ಊಟವೇ ವರ್ಷದ ದೊಡ್ಡ ಊಟ, ಮೇಲಿನ ಬೆಳವಣಿಗೆ ನಿಧಾನವಾದರೂ ಬೇರು ಕೆಲಸ ಮಾಡುತ್ತಲೇ ಇರುತ್ತದೆ. ನನ್ನದಕ್ಕೆ ಆ ಹೊತ್ತಿನಲ್ಲಿ ಅದೇ ಊಟ ಕೊಟ್ಟರೆ, ಮಲಗಲು ಹೊರಟವರನ್ನು ಎಬ್ಬಿಸಿ ಓಡಲು ಹೇಳಿದ ಹಾಗೆ. ಮೊದಲ ಹಿಮಮಣಿ ಬೀಳಬಹುದಾದ ದಿನಕ್ಕೆ ಆರರಿಂದ ಎಂಟು ವಾರ ಮುಂಚೆಯೇ ಸಾರಜನಕದ ಕೈ ಬಿಗಿ ಹಿಡಿಯಬೇಕು. ಲಾನ್ ಎನ್ನುವ ಒಂದೇ ಪದದಲ್ಲಿ ಇಂಥ ಎರಡು ಬೇರೆ ಬೇರೆ ಗಿಡಗಳನ್ನು ತುರುಕಿಟ್ಟಿದ್ದೇವೆ. ಗೊಬ್ಬರದ ಚೀಲದ ಮೇಲಿನ ಸೂಚನೆ ಓದುವ ಮೊದಲು ತನ್ನ ಕಾಲಡಿ ಇರುವುದು ಯಾವ ಹುಲ್ಲು ಅಂತ ತಿಳಿದುಕೊಂಡವನು ಅರ್ಧ ಗೆದ್ದ.

ತಂಗಿಯ ಕಷ್ಟಗಳೂ ಬೇರೆ. ಅವಳಿಗೆ ಹಿಮದ ಬೂಷ್ಟಿನ ಕಾಟ. ಹೆಪ್ಪುಗಟ್ಟದ ನೆಲದ ಮೇಲೆ ಹಿಮ ವಾರಗಟ್ಟಲೆ ಕೂತರೆ ಅದರಡಿಯಲ್ಲಿ, ಸೊನ್ನೆಯ ಹತ್ತಿರದ ತಣ್ಣಗಿನಲ್ಲೂ, ಟೈಫುಲಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಹಿಮ ಕರಗಿದಾಗ ಬೂದು ಬಣ್ಣದ ವೃತ್ತಗಳು. ಗುಲಾಬಿ ಅಂಚಿನ ಇನ್ನೊಂದು ಬಗೆ ಮೈಕ್ರೊಡೋಕಿಯಂ, ಅದಕ್ಕೆ ಹಿಮವೇ ಬೇಕಂತಿಲ್ಲ, ತೇವ ಮತ್ತು ಚಳಿ ಸಾಕು. ಉದ್ದ ಹುಲ್ಲು ಹಿಮದ ಭಾರಕ್ಕೆ ಮಡಿಚಿ ಚಾಪೆಯಾದರೆ ಬೂಷ್ಟಿಗೆ ಅನುಕೂಲ, ಆದ್ದರಿಂದ ಕೊನೆಯ ಕೊಯ್ಲನ್ನು ಅವಳು ಕೊಂಚ ಗಿಡ್ಡ ಮಾಡುತ್ತಾಳೆ. ನಾನು ಕೊಂಚ ಉದ್ದ ಬಿಡುತ್ತೇನೆ, ಬುಡಕ್ಕೆ ಹೊದಿಕೆಯಾಗಲಿ ಎಂದು. ಇಬ್ಬರೂ ಸರಿ. ಇದು ನಮ್ಮ ಮನೆಯಲ್ಲಿ ಅಪರೂಪ.

ಮೂರನೇ ಚಳಿಗಾಲದಲ್ಲಿ ನಡೆದದ್ದು ತಪ್ಪು ಅನ್ನುವುದಕ್ಕಿಂತ ಕಣ್ಣು ತೆರೆಸಿದ ಸಂಗತಿ.

ಆ ಬೆಳಿಗ್ಗೆ ಅಂಗಳದ ತುಂಬ ಉಪ್ಪು ಚೆಲ್ಲಿದ ಹಾಗೆ ಹಿಮಮಣಿ. ಗೋಡೆಯ ಥರ್ಮಾಮೀಟರು 3 ಡಿಗ್ರಿ ತೋರಿಸುತ್ತಿತ್ತು. ಸೊನ್ನೆಗೆ ಇಳಿಯದೆ ನೀರು ಹೆಪ್ಪುಗಟ್ಟಿತು ಹೇಗೆ ಎಂದು ತಲೆ ಕೆರೆದುಕೊಂಡೆ. ಮೋಡವಿಲ್ಲದ ರಾತ್ರಿಯಲ್ಲಿ ಹುಲ್ಲಿನ ಎಲೆ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದಂತೆ. ಎದೆಮಟ್ಟದಲ್ಲಿ 3 ಡಿಗ್ರಿಯಿದ್ದಾಗ ನೆಲಮಟ್ಟದ ಎಲೆಯ ಮೇಲೆ ಸೊನ್ನೆಗಿಂತ ಕೆಳಗಿರಬಹುದು. ಮರದ ಕೆಳಗೆ ಮಾತ್ರ ಹಿಮಮಣಿ ಇರಲಿಲ್ಲ. ಕೊಂಬೆಗಳು ಎಷ್ಟಗಲ ಚಾಚಿದ್ದವೋ ಅಷ್ಟಗಲಕ್ಕೆ, ಕೈವಾರ ಹಿಡಿದು ಎಳೆದಂತೆ, ಬಿಳಿಯ ನಡುವೆ ಒಂದು ಅರೆಹಸಿರು ವೃತ್ತ. ಅಲ್ಲಿನ ಹುಲ್ಲು ಆಕಾಶವನ್ನು ನೋಡುವುದಿಲ್ಲ, ಎಲೆಗಳನ್ನು ನೋಡುತ್ತದೆ. ಹೊದಿಕೆಯೊಳಗೆ ಮಲಗಿದವರಿಗೂ ಹೊರಗೆ ಮಲಗಿದವರಿಗೂ ಇರುವ ವ್ಯತ್ಯಾಸ.

ಈ ಸೊಗಸನ್ನು ನೋಡುತ್ತಾ ನಿಂತಿದ್ದವನು ಗೇಟಿನ ಬೀಗ ತೆಗೆಯಲು ಅಂಗಳದ ಮೇಲೇ ನಡೆದುಹೋದೆ. ಕಾಲಡಿ ಕರಕರ ಸದ್ದು. ಹೋದದ್ದು ಹನ್ನೊಂದು ಹೆಜ್ಜೆ. ಮಧ್ಯಾಹ್ನಕ್ಕೆ ಹೆಜ್ಜೆಗಳ ಜಾಗ ಕಪ್ಪಾಯಿತು, ನಾಲ್ಕು ದಿನಕ್ಕೆ ಒಣಹುಲ್ಲಿನ ಬಣ್ಣಕ್ಕೆ ಬಂತು. ಹೆಪ್ಪುಗಟ್ಟಿದ ಎಲೆಯೊಳಗೆ ಮಂಜುಗಡ್ಡೆಯ ಹರಳುಗಳಿರುತ್ತವೆ. ಅದರ ಮೇಲೆ ಭಾರ ಬಿದ್ದರೆ ಎಲೆ ಬಾಗುವುದಿಲ್ಲ, ಒಳಗಿನ ಜೀವಕೋಶಗಳೇ ಒಡೆಯುತ್ತವೆ. ಆಗಿನ್ನೂ ಪೂರ್ತಿ ಕಂದಾಗದ ಅರೆಹಸಿರು ಹುಲ್ಲಿನ ಮೇಲೆ ನನ್ನ ಹನ್ನೊಂದು ಹೆಜ್ಜೆಗಳು, ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿಸಿ ನಡೆಯುವ ನನ್ನ ಅಭ್ಯಾಸದ ಸಮೇತ, ಅಚ್ಚೊತ್ತಿ ಕೂತವು. ವಾರಗಟ್ಟಲೆ ನೋಡಿದವರೆಲ್ಲ ನಕ್ಕರು. ಬಿಸಿಲು ಬಿದ್ದು ಹಿಮಮಣಿ ಕರಗುವವರೆಗೆ ಹುಲ್ಲು ತುಳಿಯಬೇಡಿ ಎನ್ನುವುದು ಚಳಿಗಾಲದ ಆರೈಕೆಯಲ್ಲಿ ನಾನು ಖಡಾಖಂಡಿತವಾಗಿ ಹೇಳಬಲ್ಲ ಒಂದೇ ಮಾತು. ಬಾಕಿಯದಕ್ಕೆಲ್ಲ ಹುಲ್ಲು, ಮಣ್ಣು, ಹವೆ ನೋಡಿಕೊಂಡು ಹೇಳಬೇಕು.

ಆ ಹೆಜ್ಜೆಗಳನ್ನು ದಿನಾ ನೋಡುತ್ತಾ ನೋಡುತ್ತಾ ಅಂಗಳದಲ್ಲಿ ಬೇರೆ ಬರಹಗಳೂ ಇರುವುದು ಕಾಣತೊಡಗಿತು. ಬೇಸಿಗೆಯ ಹಸಿರು ಎಲ್ಲವನ್ನೂ ಮುಚ್ಚಿ ಹಾಕುತ್ತದೆ. ಒಂದೆಡೆ ತೆಳ್ಳಗಿದ್ದರೆ ಪಕ್ಕದ ಬಳ್ಳಿ ಹಬ್ಬಿ ಮುಚ್ಚುತ್ತದೆ. ಚಳಿಗಾಲಕ್ಕೆ ಆ ದಾಕ್ಷಿಣ್ಯವಿಲ್ಲ. ಗೇಟಿನಿಂದ ಹಿಂದಿನ ನಲ್ಲಿಯವರೆಗೆ ಓರೆಯಾಗಿ ಒಂದು ಕಾಲುದಾರಿ ಎದ್ದು ಕಂಡಿತು. ಅದು ಮಗಳದ್ದು. ಆಟ ಮುಗಿಸಿ ಬಂದವಳು ಕಾಲು ತೊಳೆಯಲು ಹೋಗುವ ಅಡ್ಡದಾರಿ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಬೇರೆಡೆ ಹಿಡಿಯವರೆಗೆ ಇಳಿಯುವುದು ಇಲ್ಲಿ ಎರಡು ಬೆರಳಗಲಕ್ಕೇ ನಿಂತಿತು. ಮಣ್ಣು ಅಷ್ಟು ಗಟ್ಟಿಯಾದರೆ ಬೇರಿಗೆ ಗಾಳಿಯೂ ಇಲ್ಲ, ನೀರಿಗೆ ದಾರಿಯೂ ಇಲ್ಲ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂದು ಮೊಳ ಅಗಲದ ಪಟ್ಟಿಯಲ್ಲಿ ಹಿಮಮಣಿ ಮಧ್ಯಾಹ್ನವಾದರೂ ಕರಗದೆ ಉಳಿಯುತ್ತಿತ್ತು, ಸೂರ್ಯ ಕೆಳಗಿಳಿದು ನೆರಳು ಉದ್ದವಾಗಿತ್ತಲ್ಲ. ಬೇಸಿಗೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗದಲ್ಲಿ ನಾಲ್ಕು ಬೋಳು ಚುಕ್ಕಿಗಳು. ಪೈಪಿನ ಕೊಂಡಿ ಸೋರುತ್ತಿದ್ದ ಕಡೆ ಮಾತ್ರ, ಎಲ್ಲ ಕಂದಾಗಿದ್ದರೂ, ತಿಳಿಹಸಿರಿನ ಒಂದು ಕುಚ್ಚು.

ಆ ತಿಳಿಹಸಿರನ್ನು ನೋಡಿ ಖುಷಿಪಟ್ಟಿದ್ದೆ, ನನ್ನ ಹುಲ್ಲು ಎದ್ದಿತು ಅಂತ. ಅದು ಪೋವಾ ಆನುವಾ ಎಂಬ ಕಳೆ. ಮಣ್ಣು ಸುಮಾರು 21 ಡಿಗ್ರಿಗಿಂತ ತಣ್ಣಗಾದಾಗ ಮೊಳೆತು, ಗರಿಕೆ ಮಲಗಿದ ಮೇಲೆ ಅಂಗಳ ತನ್ನದೇ ಎಂದು ಬೆಳೆದು, ಬಿಸಿಲು ಏರುವ ಹೊತ್ತಿಗೆ ನೂರಾರು ಬೀಜ ಚೆಲ್ಲಿ ಸಾಯುವಂಥದ್ದು. ಎಷ್ಟು ಗಿಡ್ಡ ಕೊಯ್ದರೂ ಅಷ್ಟರಲ್ಲೇ ಹೂಬಿಡುವ ಚಾಲಾಕಿ. ಕಂದು ಹಿನ್ನೆಲೆಯಲ್ಲಿ ಇದು ದೀಪ ಹಚ್ಚಿದಷ್ಟು ಸ್ಪಷ್ಟವಾಗಿ ಕಾಣುವುದರಿಂದ ಕೀಳಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೀಜ ಕಟ್ಟುವ ಮೊದಲು, ಮಣ್ಣು ತೇವವಿದ್ದಾಗ, ಬೇರುಸಹಿತ. ಇದಕ್ಕೆ ಔಷಧಿಗಳಿವೆ, ಸಣ್ಣ ಅಂಗಳಕ್ಕೆ ಯಾಕೆ ಅನ್ನುವುದು ನನ್ನ ವಾದ. ಕೂತು ಕೀಳುವುದರಲ್ಲಿ ನನಗೆ ಸುಖವಿದೆ ಎನ್ನುವುದೂ ನಿಜ.

ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಿಯರ್ಡ್ ಬಡಿಂಗ್ ಎಂಬ ತಂತ್ರಜ್ಞ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನಿಗೆ ಅದು ಹೊಳೆದದ್ದು ಬಟ್ಟೆ ಗಿರಣಿಯಲ್ಲಿ, ನೇಯ್ದ ಉಣ್ಣೆ ಬಟ್ಟೆಯ ಮೇಲೆ ಏಳುವ ಜುಂಗನ್ನು ಸಮವಾಗಿ ಕತ್ತರಿಸುವ ಯಂತ್ರ ನೋಡಿ. ಇದನ್ನು ತಿಳಿದಾಗ ನನಗೆ ಒಂದು ವಿಷಯ ಅರ್ಥವಾಯಿತು. ನಾವು ಲಾನಿನಿಂದ ಬಯಸುವುದು ಬಟ್ಟೆಯ ಗುಣವನ್ನೇ. ಒಂದೇ ಬಣ್ಣ, ಒಂದೇ ಎತ್ತರ, ಕಲೆಯಿಲ್ಲ, ಸುಕ್ಕಿಲ್ಲ. ಚಳಿಗಾಲದಲ್ಲೂ ಆ ಬಟ್ಟೆ ಹರಿಯಬಾರದು ಎನ್ನುವವರು ಗರಿಕೆಯ ಮೇಲೆ ರೈ ಹುಲ್ಲಿನ ಬೀಜ ಎರಚುತ್ತಾರೆ. ಅದು ಚಳಿಯಲ್ಲಿ ಹಸಿರಾಗಿರುತ್ತದೆ, ನೋಡಲು ಚೆಂದ. ಆದರೆ ವಸಂತದಲ್ಲಿ ಗರಿಕೆ ಏಳುವಾಗ ಅದರ ನೀರು, ಬೆಳಕಿಗೆ ಅಡ್ಡ ನಿಂತಿರುತ್ತದೆ. ಬಾಡಿಗೆಗೆ ಬಂದವರು ಬಿಟ್ಟು ಹೋಗಲು ತಕರಾರು ಮಾಡಿದ ಹಾಗೆ. ಗಾಲ್ಫ್ ಮೈದಾನದವರಿಗೆ ಆಟ ನಿಲ್ಲಿಸುವ ಹಾಗಿಲ್ಲ, ಅವರು ಮಾಡಲಿ. ಹುಲ್ಲಿಗೇ ಹಸಿರು ಬಣ್ಣ ಸಿಂಪಡಿಸುವ ಪದ್ಧತಿಯೂ ಇದೆ. ಅದನ್ನು ಕೇಳಿ ನನ್ನ ಹೆಂಡತಿ, ನಿಮ್ಮ ತಲೆಗೂದಲಿಗಾದರೆ ಸ್ವಲ್ಪ ಕಡಿಮೆ ಬಣ್ಣ ಸಾಕಾಗುತ್ತದೆ ಅಂದಳು.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಲಗಿದ ಹುಲ್ಲಿಗೆ ನೀರೇ ಬೇಡ ಎಂಬ ಇನ್ನೊಂದು ತುದಿಯ ತಪ್ಪೂ ಇದೆ, ಅದನ್ನೂ ನಾನು ಒಂದು ವರ್ಷ ಮಾಡಿದ್ದೇನೆ. ಆ ವರ್ಷ ಎರಡು ತಿಂಗಳು ಒಂದು ಹನಿ ಬೀಳಲಿಲ್ಲ, ಒಣಗಾಳಿ ಬೀಸಿತು, ನಾನು ಹುಲ್ಲು ಮಲಗಿದೆಯಲ್ಲ ಅಂತ ಪೈಪು ಸುತ್ತಿಟ್ಟಿದ್ದೆ. ವಸಂತದಲ್ಲಿ ದಿಬ್ಬದ ಮೇಲಿನ ಹುಲ್ಲು ಏಳಲೇ ಇಲ್ಲ. ಬುಡದ ಗಂಟಿನಲ್ಲಿದ್ದ ಪಸೆಯೂ ಆರಿಹೋಗಿತ್ತು. ಈಗ ಮಳೆಯಿಲ್ಲದಿದ್ದರೆ ಮೂರು ನಾಲ್ಕು ವಾರಕ್ಕೊಮ್ಮೆ ಸುಮಾರು 12 ಮಿಲಿಮೀಟರಿನಷ್ಟು ಕೊಡುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನನ್ನ 60 ಚದರ ಮೀಟರ್ ಅಂಗಳಕ್ಕೆ ಒಂದು ಸಲಕ್ಕೆ 720 ಲೀಟರ್ ಬೇಕು. ಅಳೆಯಲು ಚಪ್ಪಟೆ ತಳದ ಮೂರು ಖಾಲಿ ಡಬ್ಬಗಳನ್ನು ಅಲ್ಲಲ್ಲಿ ಇಟ್ಟು ಸ್ಪ್ರಿಂಕ್ಲರ್ ಬಿಟ್ಟರೆ ಯಾವ ಮೂಲೆಗೆ ಎಷ್ಟು ಬೀಳುತ್ತದೆ ಅನ್ನುವುದು ತಿಳಿಯುತ್ತದೆ. ನನ್ನ ಮೂರು ಡಬ್ಬಗಳಲ್ಲಿ ಒಂದರಲ್ಲಿ ಬೆರಳು ಮುಳುಗುವಷ್ಟು, ಇನ್ನೊಂದರಲ್ಲಿ ತಳ ಒದ್ದೆಯಾಗುವಷ್ಟು. ದಿಬ್ಬ ಯಾಕೆ ಸತ್ತಿತು ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇತ್ತು.

ಹೊತ್ತು ಕೂಡ ಮುಖ್ಯ. ನಾನು ಮೊದಲ ವರ್ಷ ರಾತ್ರಿ ಬಿಡುತ್ತಿದ್ದೆನಲ್ಲ, ಅದು ಶಿಲೀಂಧ್ರಕ್ಕೆ ಕೊಟ್ಟ ಆಹ್ವಾನಪತ್ರ. ಎಲೆ ಎಷ್ಟು ಹೆಚ್ಚು ಹೊತ್ತು ಒದ್ದೆಯಿರುತ್ತದೋ ಅಷ್ಟು ಅದಕ್ಕೆ ಅನುಕೂಲ. ಬೆಳಿಗ್ಗೆ ಹತ್ತರ ನಂತರ, ಬಿಸಿಲು ಕಾದಮೇಲೆ ಬಿಟ್ಟರೆ ಸಂಜೆಯೊಳಗೆ ಮೇಲ್ಭಾಗ ಆರುತ್ತದೆ, ಮಣ್ಣು ತೇವವಿರುತ್ತದೆ. ತೇವದ ಮಣ್ಣು ಹಗಲಿನ ಬಿಸಿಯನ್ನು ಒಣಮಣ್ಣಿಗಿಂತ ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಕಡು ಚಳಿಯ ಮುನ್ಸೂಚನೆ ಇದ್ದರೆ ಒಣಗಿದ ಅಂಗಳಕ್ಕೆ ಹಿಂದಿನ ದಿನ ನೀರುಣಿಸುವುದು ಇದಕ್ಕೇ.

ಹುಲ್ಲು ಯಾವಾಗ ಮಲಗಲು ಹೊರಟಿತು ಅಂತ ತಿಳಿಯಲು ನನಗೆ ಇಷ್ಟವಾದ ಗುರುತು ಒಂದಿದೆ. ಬೆಳಿಗ್ಗೆ ಎಲೆಯ ಮೇಲಿನ ಎಲ್ಲ ಹನಿಯೂ ಇಬ್ಬನಿಯಲ್ಲ. ಇಬ್ಬನಿ ಎಲೆಯ ಮೈಯುದ್ದಕ್ಕೂ ಸಣ್ಣ ಸಣ್ಣ ಬಿಂದುವಾಗಿ ಕೂರುತ್ತದೆ. ಎಲೆಯ ತುದಿಯಲ್ಲೇ ಮಣಿಯ ಹಾಗೆ ಒಂದೇ ದಪ್ಪ ಹನಿ ನಿಂತಿದ್ದರೆ ಅದು ಗಿಡದೊಳಗಿಂದ ಬಂದದ್ದು. ರಾತ್ರಿ ಬೇರು ನೀರನ್ನು ಮೇಲಕ್ಕೆ ತಳ್ಳಿ ತುದಿಯ ರಂಧ್ರದಿಂದ ಹೊರಹಾಕುತ್ತದೆ. ಮಣ್ಣು ತಣ್ಣಗಾದಂತೆ ಬೇರಿನ ಒತ್ತಡ ಇಳಿದು ಆ ತುದಿಹನಿ ಅಪರೂಪವಾಗುತ್ತದೆ. ಬಣ್ಣ ಮಾಸುವ ಮುಂಚೆಯೇ ಒಂದು ಬೆಳಿಗ್ಗೆ ಇಬ್ಬನಿ ಮಾತ್ರ ಇರುತ್ತದೆ, ತುದಿಯ ಮಣಿ ಇರುವುದಿಲ್ಲ. ಅಂದು ನಾನು ಕೊಯ್ಯುವ ಯಂತ್ರವನ್ನು ಒಳಗಿಡುವ ಯೋಚನೆ ಶುರುಮಾಡುತ್ತೇನೆ. ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಿ, ಅಡಿಯಲ್ಲಿ ಮೆತ್ತಿದ ಹುಲ್ಲು ಕೆರೆದು, ಅಲಗು ಸಾಣೆಗೆ ಕೊಡುವುದು ಒಂದು ಮಧ್ಯಾಹ್ನದ ಕೆಲಸ. ಉದುರಿದ ಎಲೆಗಳನ್ನು ಅದಕ್ಕೆ ಮುಂಚೆಯೇ ಆ ಯಂತ್ರದಿಂದ ಪುಡಿ ಮಾಡಿ ಅಲ್ಲೇ ಬಿಡಬಹುದು. ದಪ್ಪಗೆ, ಒದ್ದೆಯಾಗಿ ಕೂತರೆ ಮಾತ್ರ ಗುಡಿಸಲೇಬೇಕು.

ಅಂಗಳದಲ್ಲಿ ಕಂಡದ್ದನ್ನೆಲ್ಲ ಈಗ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಗುರುತು ಹಾಕುತ್ತೇನೆ. ಗಟ್ಟಿಯಾದ ನೆಲಕ್ಕೆ ತೂತು ಹೊಡೆದು ಗಾಳಿಯಾಡಿಸುವುದು ಗರಿಕೆ ಮಲಗಿದಾಗ ಮಾಡುವ ಕೆಲಸವಲ್ಲ, ಅದು ಮೈತುಂಬಿ ಬೆಳೆಯುವಾಗ ಮಾಡಬೇಕು, ಆಗಲೇ ಗಾಯ ಬೇಗ ಮುಚ್ಚುವುದು. ಆದರೆ ಅಷ್ಟೊತ್ತಿಗೆ ಹಸಿರು ಎಲ್ಲವನ್ನೂ ಮುಚ್ಚಿಟ್ಟಿರುತ್ತದೆ, ಎಲ್ಲಿ ಹೊಡೆಯಬೇಕೆಂಬುದೇ ಗೊತ್ತಾಗುವುದಿಲ್ಲ. ಚಿತ್ರವಿದ್ದರೆ ಗೊತ್ತಾಗುತ್ತದೆ. ಗೋಡೆಯ ನೆರಳಿನ ಪಟ್ಟಿಯಲ್ಲಿ ಹುಲ್ಲಿನ ಆಸೆ ಬಿಟ್ಟು ನೆರಳಿನ ಗಿಡಗಳನ್ನು ನೆಟ್ಟೆ. ದಿಬ್ಬದ ಕಡೆಗೆ ಸ್ಪ್ರಿಂಕ್ಲರ್ ಸರಿಸಿದೆ. ಕುರ್ಚಿಗಳು ಈಗ ವಾರಕ್ಕೊಮ್ಮೆ ಜಾಗ ಬದಲಿಸುತ್ತವೆ.

ಮಗಳ ಅಡ್ಡದಾರಿಯ ಬಗ್ಗೆ ಬಹಳ ಯೋಚಿಸಿದೆ. ಎರಡು ಬೇಸಿಗೆ ತೂತು ಹೊಡೆದು, ಮರಳು ಮಿಶ್ರಣ ತುಂಬಿ, ಹುಲ್ಲು ಬರಿಸಿದೆ. ಎರಡು ಚಳಿಗಾಲವೂ ಅದೇ ಓರೆ ಗೆರೆ ಅದೇ ಜಾಗದಲ್ಲಿ ಎದ್ದು ಕೂತಿತು. ಕೊನೆಗೆ ಸೋತು, ಅವಳ ದಾರಿಯ ಮೇಲೆಯೇ, ಅವಳ ಹೆಜ್ಜೆಯ ಅಳತೆಗೆ ಸರಿಯಾಗಿ ಏಳು ಚಪ್ಪಡಿ ಕಲ್ಲುಗಳನ್ನು ನೆಲಮಟ್ಟಕ್ಕೆ ಕೂರಿಸಿದೆ. ಕೊಯ್ಯುವ ಯಂತ್ರ ತಾಗದ ಹಾಗೆ, ನೋಡಲೂ ಲಕ್ಷಣವಾಗಿ.

ಈ ಚಳಿಗಾಲ ಹುಲ್ಲು ಕಂದಾದ ಮೇಲೆ ನೋಡಿದರೆ ಕಲ್ಲುಗಳ ಪಕ್ಕದಲ್ಲಿ, ಒಂದು ಗೇಣು ಆಚೆ, ಹೊಸ ಗೆರೆಯೊಂದು ಮೂಡಿದೆ. ಕೇಳಿದರೆ, ಬೆಳಿಗ್ಗೆ ಕಲ್ಲು ತಣ್ಣಗಿರುತ್ತೆ ಅಪ್ಪ, ಅಂದಳು.